ಬಾಣಂತಿಯ ಮಂಚದ ಬಳಿ ಕಲಿತ ವೈದ್ಯಶಾಸ್ತ್ರ

ಸವದತ್ತಿ ಸೀಮೆಯ ಸಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆ ಬರೆದಿಟ್ಟರು. ಬೆಳಗಾವಿಯಲ್ಲಿ ಅವರ ಹೆಸರಿನ ಕಾಲೇಜು ನಡೆಸುವ ಕೆಎಲ್‌ಇ ಸಂಸ್ಥೆ 1963ರಲ್ಲಿ ಅದೇ ಊರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನೂ ತೆರೆಯಿತು.

ಆ ಕಾಲೇಜು ಜಗತ್ತಿಗೆ ಕೊಟ್ಟ ದೊಡ್ಡ ಪಾಠವೊಂದು ಹುಟ್ಟಿದ್ದು ಆಪರೇಷನ್ ಥಿಯೇಟರಿನಲ್ಲಿ ಅಲ್ಲ, ಹಳ್ಳಿ ಮನೆಗಳಲ್ಲಿ.

ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಬಾಣಂತಿ ಕೆಲವೇ ತಾಸುಗಳಲ್ಲಿ ಕೈತಪ್ಪಿ ಹೋಗುತ್ತಾಳೆ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಸೂಜಿ ಬೇಕು, ಚುಚ್ಚಲು ಪಳಗಿದ ಕೈ ಬೇಕು. ಕರೆಂಟೇ ನೆಟ್ಟಗಿರದ ಊರಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಮಾತ್ರೆಗೆ ಇದ್ಯಾವುದರ ಹಂಗಿಲ್ಲ. 2002ರಿಂದ 2005ರವರೆಗೆ ಈ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ ಬೆಳಗಾವಿ ಜಿಲ್ಲೆಯ 1620 ಹೆಂಗಸರಲ್ಲಿ ಅದನ್ನು ಪರೀಕ್ಷಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಾತ್ರೆ, ಉಳಿದವರಿಗೆ ಮದ್ದಿಲ್ಲದ ಹುಸಿ ಗುಳಿಗೆ. ಕೊಟ್ಟವರು ತಜ್ಞರಲ್ಲ, ಊರಿನವರು ‘ನರ್ಸಮ್ಮ’ ಎನ್ನುವ ಸಹಾಯಕ ದಾದಿಯರು (ಎಎನ್‌ಎಂ). ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾತ್ರೆಯ ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹೀಗೆ ಹಳ್ಳಿಯ ಸ್ಥಿತಿಗತಿ ನೋಡಿ ಯೋಚಿಸುವ ವೈದ್ಯರು ಬೇಕೆಂದು, ದೇಶದ ಆರೋಗ್ಯ ವ್ಯವಸ್ಥೆಯ ಸಮೀಕ್ಷೆಗೆ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು: ಪ್ರತಿ ವೈದ್ಯ ವಿದ್ಯಾರ್ಥಿಗೂ ಮೂರು ತಿಂಗಳು ರೋಗ ತಡೆಯುವ, ಸಮಾಜ ಅರಿಯುವ ತರಬೇತಿ. 1977ರಲ್ಲಿ ವೈದ್ಯಕೀಯ ಕಾಲೇಜುಗಳನ್ನು ಹಳ್ಳಿಗೆ ಜೋಡಿಸುವ ಯೋಜನೆ ಬಂತು. ಬೆಳಗಾವಿಯ ಕಾಲೇಜಿಗೆ ವಂಟಮುರಿ, ಕಿಣಯೆ, ಹಂದಿಗನೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳೇ ಪಾಠಶಾಲೆಗಳಾದವು. 2021–22ರ ತಂಡದಿಂದ ಮೊದಲ ವರ್ಷದಲ್ಲೇ ಹಳ್ಳಿಯ ಕುಟುಂಬಗಳನ್ನು ‘ದತ್ತು’ ಪಡೆದು, ಮನೆಗೆ ಹೋಗಿ ಅವರ ಆರೋಗ್ಯ ಗಮನಿಸುವ ನಿಯಮವೂ ಸೇರಿದೆ.

ಆದರೂ ವಿದ್ಯಾರ್ಥಿಗಳ ಪಾಲಿಗೆ ‘ಪಿಎಸ್‌ಎಂ’, ಅಂದರೆ ರೋಗ ತಡೆಯುವ ಮತ್ತು ಸಾಮಾಜಿಕ ವೈದ್ಯಶಾಸ್ತ್ರ, ಪರೀಕ್ಷೆಯ ಹಿಂದಿನ ರಾತ್ರಿ ತಿರುವಿ ಹಾಕುವ ಪಾರ್ಕ್ ಎಂಬ ಲೇಖಕರ ದಪ್ಪನೆಯ ಪಠ್ಯಪುಸ್ತಕ ಅಷ್ಟೇ. ಕಣ್ಣೆಲ್ಲ ರೇಡಿಯಾಲಜಿ ಸೀಟಿನ ಮೇಲೆ. ತಪ್ಪು ಅವರೊಬ್ಬರದೇ ಅಲ್ಲ. ಬಾರದ ಕಾಯಿಲೆಗೆ ಯಾರೂ ಫೀಸು ಕೊಡುವುದಿಲ್ಲ. ಮನೆಭೇಟಿ ಎಂದರೆ ಫಾರಂ ತುಂಬುವುದು ಎಂದಾದರೆ ಆ ಕುಟುಂಬಕ್ಕೂ ಲಾಭವಿಲ್ಲ, ವಿದ್ಯಾರ್ಥಿಗೂ ಇಲ್ಲ.

ಬಿಪಿ ಯಂತ್ರ ಹಿಡಿದ ವೈದ್ಯ ವಿದ್ಯಾರ್ಥಿನಿಯೊಬ್ಬಳು ನಿಮ್ಮ ಬಾಗಿಲಿಗೆ ಬಂದರೆ ತೋಳು ಚಾಚಿ ಸುಮ್ಮನಾಗಬೇಡಿ. ಕುಡಿಯುವ ನೀರಿನ ಟಾಕಿ, ಒಲೆಯ ಹೊಗೆ, ಸೊಸೆಯ ತಾಯಿ ಕಾರ್ಡು, ಇವನ್ನೂ ತೋರಿಸಿ.