ಪಾನೀಯದಲ್ಲಿ ಜೀವಸತ್ವ ಎಷ್ಟಿದೆ?

ಮಕ್ಕಳೇ, ಪಾನೀಯಗಳ ಪೊಟ್ಟಣದ ಮೇಲೆ 'ಜೀವಸತ್ವಗಳಿಂದ ಸಮೃದ್ಧ' ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಅದು ನಿಜವೇ?

2004ರಲ್ಲಿ ನ್ಯೂಜಿಲೆಂಡಿನ 14 ವರ್ಷದ ಇಬ್ಬರು ವಿದ್ಯಾರ್ಥಿನಿಯರು ಶಾಲೆಯ ಪ್ರಯೋಗಕ್ಕಾಗಿ ರಿಬೆನಾ ಎಂಬ ಪಾನೀಯವನ್ನು ಪರೀಕ್ಷಿಸಿದರು. ಜಾಹೀರಾತಿನಲ್ಲಿ ಹೊಗಳಿದ್ದ 'ಸಿ' ಜೀವಸತ್ವ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇತ್ತು! ವಿಷಯ ನ್ಯಾಯಾಲಯಕ್ಕೆ ಹೋಯಿತು. 2007ರಲ್ಲಿ ತಯಾರಿಸಿದ ಕಂಪನಿಗೆ ಎರಡು ಲಕ್ಷ ನ್ಯೂಜಿಲೆಂಡ್ ಡಾಲರಿಗೂ ಹೆಚ್ಚು ದಂಡ ಬಿತ್ತು.

'ಬಿ' ಗುಂಪಿನ ಜೀವಸತ್ವಗಳು ಮತ್ತು 'ಸಿ' ಜೀವಸತ್ವ ನೀರಿನಲ್ಲಿ ಕರಗುತ್ತವೆ. ಇವುಗಳಲ್ಲಿ ಹೆಚ್ಚಿನವು ದೇಹದಲ್ಲಿ ಬಹುಕಾಲ ಉಳಿಯುವುದಿಲ್ಲ, ಮೂತ್ರದೊಡನೆ ಹೊರಹೋಗುತ್ತವೆ. ಆದ್ದರಿಂದ ಆಹಾರದಲ್ಲಿ ಇವು ದಿನವೂ ಬೇಕು. 'ಸಿ' ಕೊರತೆಯಾದರೆ ವಸಡಿನಲ್ಲಿ ರಕ್ತ ಒಸರುತ್ತದೆ. 'ಬಿ2' ಕೊರತೆಯಾದರೆ ಬಾಯಿಯ ಮೂಲೆಗಳು ಒಡೆಯುತ್ತವೆ.

ಪಾನೀಯದಲ್ಲಿ ಸಕ್ಕರೆ, ಬಣ್ಣ, ಜೀವಸತ್ವ ಎಲ್ಲವೂ ಬೆರೆತಿರುತ್ತವೆ. ಅಳೆಯುವ ಮೊದಲು ಅವನ್ನು ಬೇರ್ಪಡಿಸಬೇಕು. ಅದಕ್ಕೊಂದು ವಿಧಾನ 'ವರ್ಣರೇಖನ'. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಎಲೆಯ ಬಣ್ಣಗಳನ್ನು ಬೇರ್ಪಡಿಸಲು ಇದನ್ನು ರೂಪಿಸಿದರು.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಬಿಳಿ ಸೀಮೆಸುಣ್ಣ, ಕಪ್ಪು ಸ್ಕೆಚ್ ಪೆನ್ನು, ತಟ್ಟೆ, ನೀರು.

ಸೀಮೆಸುಣ್ಣದ ಬುಡದಿಂದ 1 ಸೆಂ.ಮೀ. ಮೇಲೆ ಸುತ್ತಲೂ ಶಾಯಿಯ ಗೆರೆ ಎಳೆಯಿರಿ. ತಟ್ಟೆಯಲ್ಲಿ ಅರ್ಧ ಸೆಂ.ಮೀ.ನಷ್ಟು ನೀರು ಹಾಕಿ, ಸೀಮೆಸುಣ್ಣವನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿ. ಗೆರೆ ನೀರಿಗೆ ತಾಗಬಾರದು. ನೀರು ಏರಿದಂತೆ ಕಪ್ಪು ಬಣ್ಣ ಒಡೆದು ಹಲವು ಬಣ್ಣಗಳಾಗುತ್ತದೆ!

ಹೀಗೇಕೆ? ಸೀಮೆಸುಣ್ಣಕ್ಕೆ ಹೆಚ್ಚು ಅಂಟಿಕೊಳ್ಳುವ ಬಣ್ಣ ಹಿಂದೆ ಉಳಿಯುತ್ತದೆ. ಕಡಿಮೆ ಅಂಟುವ ಬಣ್ಣ ನೀರಿನೊಡನೆ ಮುಂದೆ ಸಾಗುತ್ತದೆ.

ಜೀವಸತ್ವದ ಅಳತೆ

ಪ್ರಯೋಗಾಲಯದಲ್ಲಿ ಸೀಮೆಸುಣ್ಣದ ಬದಲು ಸಿಲಿಕಾ ಪುಡಿಯನ್ನು ತೆಳುವಾಗಿ ಲೇಪಿಸಿದ ಗಾಜಿನ ಫಲಕ ಬಳಸುತ್ತಾರೆ. ಅದರ ಮೇಲೆ ಪಾನೀಯದ ಒಂದು ಹನಿ ಇಡುತ್ತಾರೆ. ಪಕ್ಕದಲ್ಲೇ, ಪ್ರಮಾಣ ಗೊತ್ತಿರುವ 'ಬಿ2' ದ್ರಾವಣದ ಹನಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಡುತ್ತಾರೆ. ಫಲಕದ ಬುಡವನ್ನು ಸೂಕ್ತ ದ್ರವದಲ್ಲಿ ನಿಲ್ಲಿಸುತ್ತಾರೆ. ದ್ರವ ಮೇಲೇರಿದ ನಂತರ ಫಲಕವನ್ನು ಒಣಗಿಸಿ, ಕತ್ತಲಲ್ಲಿ ಅತಿನೇರಳೆ ದೀಪದ ಕೆಳಗೆ ಹಿಡಿಯುತ್ತಾರೆ. ಆಗ 'ಬಿ2' ಹಳದಿ-ಹಸಿರಾಗಿ ಹೊಳೆಯುತ್ತದೆ.

ಪಾನೀಯದ ಚುಕ್ಕೆಯೂ ಅದೇ ಎತ್ತರದಲ್ಲಿ, ಅದೇ ಬಣ್ಣದಲ್ಲಿ ಹೊಳೆದರೆ ಅಲ್ಲಿರುವುದು 'ಬಿ2' ಎಂದು ತಿಳಿಯಬಹುದು. ಅದರ ಹೊಳಪು ಸಾಲಿನ ಯಾವ ಚುಕ್ಕೆಗೆ ಸಮವೋ, ಪ್ರಮಾಣವೂ ಸುಮಾರು ಅಷ್ಟೇ. ಇದಕ್ಕಿಂತ ನಿಖರವಾಗಿ ಅಳೆಯುವ ಯಂತ್ರಗಳಿವೆ, ಆದರೆ ಅವುಗಳ ಬೆಲೆ ಹಲವು ಲಕ್ಷ ರೂಪಾಯಿ. ಫಲಕದ ವಿಧಾನಕ್ಕೆ ಖರ್ಚು ತೀರಾ ಕಡಿಮೆ.

ಯೋಚಿಸಿ

ಹಾಲಿನಲ್ಲಿ 'ಬಿ2' ಇದೆ. ಬೆಳಕಿಗೆ ಅದು ನಾಶವಾಗುತ್ತದೆ. ಒಂದು ಗಾಜಿನ ಲೋಟದ ಹಾಲನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಕತ್ತಲೆಯಲ್ಲಿ ಇಟ್ಟು ಪರೀಕ್ಷಿಸಿದರೆ ಯಾವುದರ ಚುಕ್ಕೆ ಮಂಕಾಗಿರುತ್ತದೆ?