ಜೋಡುಕರೆಯಲ್ಲಿ ಗೆದ್ದವರು ಯಾರು?

ಏಣೆಲು ಬೆಳೆಯ ಕೊಯ್ಲು ಮುಗಿಯುತ್ತಿದ್ದಂತೆಯೇ ನಮ್ಮ ಕರಾವಳಿಯಲ್ಲಿ ಕಂಬಳದ ಮಾತು ಮೊದಲಾಗುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಕೆಲವು ವರ್ಷ ಏಪ್ರಿಲ್‌ವರೆಗೂ, ವಾರದಿಂದ ವಾರಕ್ಕೆ ಊರೂರು ಸುತ್ತುವ ಈ ಸರಣಿಯಲ್ಲಿ ನಂದಿಕೂರಿನವರಿಗೆ ತಮ್ಮದೇ ಆದ ಅಡ್ವೆ-ನಂದಿಕೂರು ಕೋಟಿ-ಚೆನ್ನಯ ಜೋಡುಕರೆ ಕಂಬಳವಿದೆ. ಉತ್ತರಕ್ಕೆ ಕಟಪಾಡಿ, ದಕ್ಷಿಣಕ್ಕೆ ಐಕಳ, ಪೂರ್ವಕ್ಕೆ ಕಾರ್ಕಳದ ಮಿಯಾರು. ಕೋಣಗಳನ್ನು ಹೊತ್ತ ಲಾರಿಗಳಿಗೆ ಇವೆಲ್ಲ ಚಿರಪರಿಚಿತ ದಾರಿಗಳು. ಕಂಬಳದ ಬೇರು ತುಳುನಾಡಿನ ಬೇಸಾಯದಲ್ಲಿಯೂ ದೈವಾರಾಧನೆಯಲ್ಲಿಯೂ ಇದೆ. ನಮ್ಮ ಕಥೋಲಿಕ ರೈತರು ಅದರ ಸ್ಪರ್ಧೆಯಲ್ಲಿ ಪಾಲ್ಗೊಳ್ಳುವುದು ಬೇಸಾಯಗಾರರಾಗಿ, ನೆರೆಕರೆಯವರಾಗಿ. ಗೆದ್ದ ಕೋಣಗಳ ಪಟ್ಟಿಯಲ್ಲಿ ಕ್ರೈಸ್ತ ಮನೆಗಳ ಹೆಸರು ಕಾಣಿಸುವುದು ಯಾರಿಗೂ ಹೊಸ ಸಂಗತಿಯೇನಲ್ಲ.

ಈ ಕಂಬಳಗಳ ಹೆಸರುಗಳನ್ನು ಒಮ್ಮೆ ಗಮನಿಸಬೇಕು. ಕೋಟಿ-ಚೆನ್ನಯ, ಲವ-ಕುಶ, ಕಾಂತಾಬಾರೆ-ಬೂದಾಬಾರೆ, ರಾಮ-ಲಕ್ಷ್ಮಣ. ಎಲ್ಲವೂ ಜೋಡಿ ಹೆಸರುಗಳು; ಎಲ್ಲವೂ ಸಹೋದರರವು, ಹೆಚ್ಚಿನವು ಅವಳಿಗಳವು. ಪಕ್ಕಪಕ್ಕದ ಎರಡು ಕರೆಗಳಲ್ಲಿ ಪ್ರತಿಸ್ಪರ್ಧಿಗಳು ಓಡುತ್ತಾರೆ. ಆದರೆ ಆ ಕರೆಗಳಿಗೆ ನಮ್ಮ ಹಿರಿಯರು ಇಟ್ಟ ಹೆಸರು ವೈರಿಗಳದ್ದಲ್ಲ. ಯಾವ ತತ್ತ್ವಶಾಸ್ತ್ರದ ಗ್ರಂಥವನ್ನೂ ಓದದೆ ಈ ನೆಲದ ಜನ ಇದನ್ನು ಕಂಡುಕೊಂಡಿದ್ದರು.

2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ಲೋಕದ ಪತ್ರಿಕೆಗಳೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿದವು. ಆ ಹೋಲಿಕೆಯನ್ನು ಮೊದಲು ನಿರಾಕರಿಸಿದವರು ಗೌಡರೇ. ತಾನು ಓಡಿದ್ದು ಕೆಸರುಗದ್ದೆಯಲ್ಲಿ, ಗೆಲುವಿನಲ್ಲಿ ಕೋಣಗಳಿಗೂ ಪಾಲಿದೆ ಎಂದು ಅವರು ಹೇಳಿದರು. ಇದನ್ನು ಬರಿಯ ವಿನಯವೆಂದು ತಿಳಿಯಬಾರದು; ಅದು ವಸ್ತುಸ್ಥಿತಿ. ಹಗ್ಗ, ನೇಗಿಲು ಅಥವಾ ಅಡ್ಡ ಹಲಗೆ, ವಿಭಾಗ ಯಾವುದೇ ಇರಲಿ, ಓಟಗಾರನು ಜನರ ಕಣ್ಣಿಗೆ ಬೀಳುವುದು ಕೆಲವೇ ಕ್ಷಣ. ಅದರ ಹಿಂದೆ ಹುರುಳಿ ಬೇಯಿಸಿ ಹಾಕಿದವರು, ಮೈಗೆ ಎಣ್ಣೆ ತಿಕ್ಕಿದವರು, ಕೆರೆಯಲ್ಲಿ ಕೋಣಗಳನ್ನು ಈಜಿಸಿದವರು ಇದ್ದಾರೆ. ಗಂತಿನಲ್ಲಿ, ಕೆರಳಿ ನಿಂತ ಎರಡು ಪ್ರಾಣಿಗಳನ್ನು ಸರಿಯಾದ ಕ್ಷಣಕ್ಕೆ ಬಿಡುವವರು ತಡಮಾಡಿದರೆ ಎಂಥ ಓಟಗಾರನೂ ಸೋಲುತ್ತಾನೆ. ಮಂಜೊಟ್ಟಿಯಲ್ಲಿ ಹಿಡಿಯುವವರು ತಪ್ಪಿದರೆ ಗೆದ್ದ ಜೋಡಿಗೇ ಅಪಾಯ. ಯಜಮಾನನ ಮನೆಯ ಹೆಂಗಸರು ನಡುರಾತ್ರಿ ಎದ್ದು ಮಾಡುವ ಕೆಲಸವಂತೂ ಯಾವ ಧ್ವನಿವರ್ಧಕದಲ್ಲಿಯೂ ಕೇಳಿಬರುವುದಿಲ್ಲ.

ದೂರದ ಅಮೆರಿಕದಲ್ಲಿಯೂ ಇಂತಹದೇ ಒಂದು ಋತುಮಾನದ ಪಂದ್ಯವಿದೆ. ಅಲ್ಲಿನ ಸರೋವರಗಳಲ್ಲಿ ಬಾಸ್ ಎಂಬ ಮೀನಿಗೆ ಗಾಳ ಹಾಕುವ ಸ್ಪರ್ಧೆಗಳು ತಿಂಗಳುಗಟ್ಟಲೆ ಸರಣಿಯಾಗಿ ನಡೆಯುತ್ತವೆ. ತಂಡದ ಪಂದ್ಯವಾದರೆ ಒಂದು ದೋಣಿಗೆ ಇಬ್ಬರು. ಸಾಮಾನ್ಯವಾಗಿ ಇಬ್ಬರೂ ಹಿಡಿದದ್ದರಲ್ಲಿ ಐದು ಮೀನುಗಳನ್ನು ಒಟ್ಟಿಗೆ ತೂಗಿ, ಬಳಿಕ ಜೀವಂತವಾಗಿ ನೀರಿಗೆ ಬಿಡುತ್ತಾರೆ. ಯಾವ ಮೀನು ಯಾರ ಗಾಳಕ್ಕೆ ಸಿಕ್ಕಿತೆಂದು ತಕ್ಕಡಿ ಕೇಳುವುದಿಲ್ಲ. ಒಬ್ಬನಿಗೆ ಇಡೀ ದಿನ ಏನೂ ಸಿಗದಿದ್ದರೂ ಅಂಕ ಇಬ್ಬರದ್ದು. ಗೆನ್ನೆಸರೇತ್ ಸರೋವರದಲ್ಲಿ ಪೇತ್ರನ ಬಲೆ ಮೀನಿನ ಭಾರಕ್ಕೆ ಹರಿಯತೊಡಗಿದಾಗ ಅವನು ಮಾಡಿದ್ದೇನು ಎಂಬುದನ್ನು ಸಂತ ಲೂಕರು ಐದನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಇನ್ನೊಂದು ದೋಣಿಯಲ್ಲಿದ್ದ ಪಾಲುಗಾರರಿಗೆ ಸನ್ನೆ ಮಾಡಿ ಕರೆದನು. ತುಂಬಿದ್ದು ಎರಡು ದೋಣಿ. ಆ ಪಾಲುಗಾರರು ಯಾಕೋಬ ಮತ್ತು ಯೊವಾನ್ನ. ಅದೇ ಸಹೋದರರು ಮುಂದೆ ಪ್ರಭುವಿನ ಬಲಬದಿ ಹಾಗೂ ಎಡಬದಿಯ ಆಸನಗಳು ತಮಗೇ ಬೇಕೆಂದು ಕೇಳಿದಾಗ ಉಳಿದ ಹತ್ತು ಮಂದಿ ಸಿಟ್ಟಾದರು. ಮೀನು ಹಂಚಿಕೊಂಡವರಿಗೂ ಮಾನವನ್ನು ಹಂಚಿಕೊಳ್ಳುವುದು ಕಷ್ಟವಾಯಿತು.

ನಮ್ಮ ಕಂಬಳದ ಮನೆಗಳಲ್ಲಿಯೂ ಒಡಕು ಬರುವುದು ಇಲ್ಲಿಯೇ. ಉಪಯೋಗಕ್ಕಾಗಿ ಕೂಡಿದ ಸ್ನೇಹವು ಉಪಯೋಗ ತೀರಿದೊಡನೆ ಕಳಚುತ್ತದೆ ಎಂದು ಅರಿಸ್ಟಾಟಲನು ನೀತಿಶಾಸ್ತ್ರದಲ್ಲಿ ವಿವರಿಸಿದ್ದಾನೆ. ನಾಲ್ಕು ವಾರ ಪದಕ ಬಂದಾಗ ಅಣ್ಣತಮ್ಮಂದಿರಂತಿದ್ದವರು ಐದನೆಯ ವಾರ ಸೋತಾಗ ಪರಸ್ಪರ ಮುಖ ನೋಡುವುದಿಲ್ಲ. ಓಟಗಾರನದ್ದೇ ತಪ್ಪು ಎಂದು ಯಜಮಾನ, ಬಿಟ್ಟವರದ್ದೇ ತಪ್ಪು ಎಂದು ಓಟಗಾರ. ತಂಡದ ನಿಜವಾದ ಪರೀಕ್ಷೆ ಫೈನಲ್‌ನಲ್ಲಿ ನಡೆಯುವುದಿಲ್ಲ. ಸೋತು ಹಿಂದಿರುಗುವ ಲಾರಿಯಲ್ಲಿ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಆಟವೇ ವ್ಯರ್ಥವೆಂದು ಧರ್ಮಸಭೆ ಎಂದೂ ಹೇಳಿಲ್ಲ. ಸಂತ ಥಾಮಸ್ ಅಕ್ವಿನಾಸರು ವಿನೋದದಲ್ಲಿಯೂ ಒಂದು ಸದ್ಗುಣವಿದೆ ಎಂದು ವಾದಿಸುತ್ತಾ ಪ್ರೇಷಿತ ಯೊವಾನ್ನರ ಒಂದು ಹಳೆಯ ಕಥೆಯನ್ನು ಉದಾಹರಿಸುತ್ತಾರೆ. ಶಿಷ್ಯರೊಡನೆ ವಿನೋದದಲ್ಲಿದ್ದ ಯೊವಾನ್ನರನ್ನು ಕಂಡು ಕೆಲವರು ಮೂಗು ಮುರಿದರು. ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಯೊವಾನ್ನರು ಬಾಣ ಬಿಡಲು ಹೇಳಿ, ಹೀಗೆಯೇ ಬಿಡುತ್ತಾ ಇರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದನವನು. ಮನಸ್ಸೂ ಹಾಗೆಯೇ ಎಂಬುದು ಯೊವಾನ್ನರ ಉತ್ತರವಾಗಿತ್ತು. ಆದರೆ ವಿನೋದಕ್ಕೂ ಒಂದು ಮಿತಿ ಬೇಕೆಂದು ಅಕ್ವಿನಾಸರು ಅಷ್ಟೇ ಸ್ಪಷ್ಟವಾಗಿ ಹೇಳುತ್ತಾರೆ. ಬಿಲ್ಲನ್ನು ಸಡಿಲಿಸಲು ಹೋಗಿ ಮನೆಯನ್ನೇ ಅಡವಿಟ್ಟವರೂ ನಮ್ಮ ನಡುವೆ ಇಲ್ಲದಿಲ್ಲ.

ಕೋಣ ಸಾಕುವುದು ಅಗ್ಗದ ಹವ್ಯಾಸವಲ್ಲ. ವರ್ಷವಿಡೀ ಮೇವು, ಆಳು, ವೈದ್ಯ, ಲಾರಿ. ಬಹುಮಾನವಾಗಿ ಬರುವ ಒಂದೆರಡು ಪವನು ಚಿನ್ನ ಇದಕ್ಕೆ ಎಲ್ಲಿಗೂ ಸಾಲದು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2418ನೆಯ ಪರಿಚ್ಛೇದ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳಿಗೆ ವೃಥಾ ಹಿಂಸೆ ಕೊಡುವುದು ಮಾನವ ಘನತೆಗೆ ವಿರುದ್ಧ. ಹಾಗೆಯೇ ಮನುಷ್ಯರ ಕಷ್ಟ ನೀಗಿಸಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತರವಲ್ಲ. ಮೊದಲನೆಯದರ ಬಗ್ಗೆ ನ್ಯಾಯಾಲಯಗಳು ಸಾಕಷ್ಟು ವಿಚಾರ ನಡೆಸಿವೆ. 2016ರ ಕೊನೆಗೆ ಹೈಕೋರ್ಟಿನ ತಡೆ ಬಂದಿತು, 2017ರಲ್ಲಿ ರಾಜ್ಯ ಶಾಸಕಾಂಗ ಕಾನೂನು ತಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎರಡನೆಯದನ್ನು ಯಾವ ನ್ಯಾಯಾಲಯವೂ ವಿಚಾರಿಸದು. ಹಟ್ಟಿಯಲ್ಲಿ ಫ್ಯಾನ್ ತಿರುಗುತ್ತಿರುವಾಗ ಮಗಳ ಕಾಲೇಜಿನ ಶುಲ್ಕ ಬಾಕಿ ಇದೆಯೇ ಎಂಬುದನ್ನು ಆಯಾ ಮನೆಯವರೇ ಸಂಜೆಯ ತೇರ್ಸದ ಬಳಿಕ ಕುಳಿತು ಕೇಳಿಕೊಳ್ಳಬೇಕು. ಕರೆಯ ಬದಿಯಲ್ಲಿ ಬಾಜಿ ಕಟ್ಟುವವರ ಕುರಿತು ಬರೆಯಲು ನನಗೆ ಮನಸ್ಸೂ ಇಲ್ಲ.

ಇನ್ನು ಭಾನುವಾರದ ವಿಚಾರ. ಕಂಬಳ ಶನಿವಾರ ಬೆಳಿಗ್ಗೆ ಆರಂಭವಾದರೆ ಮುಗಿಯುವಾಗ ಭಾನುವಾರದ ಹಗಲು. ನಿದ್ದೆಗೆಟ್ಟ ಯುವಕರು ಬಲಿಪೂಜೆಗೆ ಬರುವುದಿಲ್ಲವೆಂದು ತಾಯಂದಿರು ದೂರುತ್ತಾರೆ. ಸರಣಿಯ ಆದಿಗೆ ಆಗಮನ ಕಾಲ, ಅಂತ್ಯಕ್ಕೆ ತಪಸ್ಸುಕಾಲ ಬರುವುದರಿಂದ ಈ ದೂರಿಗೆ ತೂಕವಿದೆ. ಧರ್ಮಸಭೆಯ ಕಾನೂನಿನ 1248ನೆಯ ವಿಧಿಯಂತೆ ಹಿಂದಿನ ದಿನದ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ತಂಡದಲ್ಲಿ ಎಂಟು ಮಂದಿ ಇದ್ದರೆ ನಾಲ್ವರು ಶನಿವಾರ ಸಂಜೆ ಸಮೀಪದ ಇಗರ್ಜಿಗೆ ಹೋಗಿಬರಲಿ. ಅಷ್ಟು ಹೊತ್ತು ಉಳಿದ ನಾಲ್ವರು ಕೋಣಗಳನ್ನು ನೋಡಿಕೊಳ್ಳಲಿ. ಈ ನಾಲ್ವರು ಭಾನುವಾರ ಸಂಜೆಯ ಪೂಜೆ ಎಲ್ಲಿದೆಯೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಲಿ. ಕೋಣ ಕಾಯುವ ನಾಲ್ವರಲ್ಲಿ ನೆರೆಮನೆಯ ಹಿಂದೂ ಬಾಂಧವರು ಇದ್ದರಂತೂ ಕೆಲಸ ಇನ್ನೂ ಸುಲಭ. ಹೋಗಿಬನ್ನಿ ಎಂದು ಅವರೇ ಮೊದಲು ಹೇಳಿಯಾರು.