ಹೊರರಾಜ್ಯದ ಹಳೆಯ ಕಾರು: ಸುರಕ್ಷತೆಯ ಹೊಣೆ ಯಾರದು?

ವಿದೇಶದಲ್ಲಿ ಬಳಸಿದ ಕಾರನ್ನು ಭಾರತಕ್ಕೆ ಆಮದು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. 2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿನ ಪರಿಮಾಣ ನಿರ್ಬಂಧಗಳು ತೆರವಾದಾಗ ಈ ಬಾಗಿಲೂ ತೆರೆಯಿತು. ಆದರೆ ಅದರೊಂದಿಗೆ ವಿಧಿಸಲಾದ ಷರತ್ತುಗಳು ಬಹಳ ಬಿಗಿಯಾದವು. ಕಾರು ತಯಾರಾಗಿ 3 ವರ್ಷ ಮೀರಿರಬಾರದು. ಸ್ಟೀರಿಂಗ್ ಬಲಬದಿಯಲ್ಲಿರಬೇಕು. ವೇಗಮಾಪಕವು ಕಿಲೋಮೀಟರ್‌ಗಳಲ್ಲಿರಬೇಕು. ಮುಂದೀಪದ ಬೆಳಕು ರಸ್ತೆಯ ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು. ಆಮದಾದ ದಿನದಿಂದ ಕನಿಷ್ಠ 5 ವರ್ಷ ರಸ್ತೆಗೆ ಯೋಗ್ಯವಾಗಿರಬೇಕು. ಇಂತಹ ಕಾರು ಮುಂಬಯಿ ಬಂದರಿನ ಮೂಲಕವೇ ಬರಬೇಕು; ಹಡಗು ಏರುವ ಮೊದಲು ಒಂದು ತಪಾಸಣೆ, ಇಲ್ಲಿ ಇಳಿದ ಮೇಲೆ ಪುಣೆಯ ಎಆರ್‌ಎಐನಂತಹ ಸಂಸ್ಥೆಯಿಂದ ಮತ್ತೊಂದು ಪರೀಕ್ಷೆ. ಸುಂಕ ಮತ್ತು ತೆರಿಗೆಗಳು ಸೇರಿದರೆ ಕಾರಿನ ಮೌಲ್ಯವನ್ನೇ ಮೀರುತ್ತವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಮರಳುವ ಕರಾವಳಿಯ ಕುಟುಂಬಗಳು ಅಲ್ಲಿನ ಕಾರನ್ನು ಅಲ್ಲಿಯೇ ಮಾರಿ ಬರಬೇಕಾಗುವುದಕ್ಕೆ ಸ್ಟೀರಿಂಗ್‌ನ ಷರತ್ತೊಂದೇ ಸಾಕು.

ಈ ಬಿಗಿಗೆ ಕಾರಣವಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2020ರಲ್ಲಿ ಪ್ರಕಟಿಸಿದ ವರದಿಯಂತೆ, 2015ರಿಂದ 2018ರವರೆಗೆ ಯೂರೋಪ್, ಜಪಾನ್ ಮತ್ತು ಅಮೆರಿಕಗಳಿಂದ 1.4 ಕೋಟಿ ಬಳಸಿದ ಲಘು ವಾಹನಗಳು ರಫ್ತಾದವು. ಸುಮಾರು ಶೇಕಡ 40ರಷ್ಟು ಆಫ್ರಿಕಾಕ್ಕೆ ಹೋದವು. ಒಂದು ದೇಶದ ರಸ್ತೆಗೆ ಬೇಡವಾದದ್ದು ಮತ್ತೊಂದು ದೇಶದ ಮಾರುಕಟ್ಟೆಗೆ ಸರಕಾಗುತ್ತದೆ. ಭಾರತ ಅದಕ್ಕೆ ತಡೆಯೊಡ್ಡಿತು.

ಆದರೆ ಆರ್‌ಪಿಸಿ ಲೇಔಟ್, ವಿಜಯನಗರ, ಮೈಸೂರು ರಸ್ತೆಯ ಆಸುಪಾಸಿನ ವರ್ತಕರಿಗೆ ಹೊರಗಿನ ಕಾರು ಎಂದರೆ ಮುಂಬಯಿ ಬಂದರಿನಲ್ಲಿ ಇಳಿದದ್ದಲ್ಲ. ದೆಹಲಿಯಿಂದಲೋ ಚೆನ್ನೈನಿಂದಲೋ ಬಂದದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರಾಜಧಾನಿ ವಲಯದಲ್ಲಿ 15 ವರ್ಷ ಮೀರಿದ ವಾಹನಗಳನ್ನು 2014ರಲ್ಲಿ, 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನು 2015ರಲ್ಲಿ ನಿಷೇಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯವು ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಮಧ್ಯಂತರ ಆದೇಶ ನೀಡಿತಾದರೂ, ಈ ನಡುವಿನ ವರ್ಷಗಳಲ್ಲಿ ಅಲ್ಲಿ ಅಗ್ಗವಾದ ಕಾರುಗಳು ಹೊರಗೆ ಹರಿದುಬಂದವು. ಪೀಣ್ಯ, ಕಾಮಾಕ್ಷಿಪಾಳ್ಯದ ಸಣ್ಣ ಉದ್ದಿಮೆದಾರನಿಗೆ ಕಡಿಮೆ ಬಂಡವಾಳದಲ್ಲಿ ದೊಡ್ಡ ಕಾರು ಸಿಗುವ ಈ ಅವಕಾಶ ಆಕರ್ಷಕವೇ ಸರಿ.

ಇಲ್ಲಿ ಗಮನಿಸಬೇಕಾದದ್ದು ಕಾರಿನ ವಯಸ್ಸನ್ನಲ್ಲ, ತಯಾರಾದ ವರ್ಷವನ್ನು. ಮುಂಭಾಗದ ಹಾಗೂ ಪಕ್ಕದ ಡಿಕ್ಕಿಯ ಪರೀಕ್ಷೆ ನಮ್ಮಲ್ಲಿ ಕಡ್ಡಾಯವಾದದ್ದು 2017ರ ಅಕ್ಟೋಬರ್ 1ರಿಂದ, ಅದೂ ಹೊಸ ಮಾದರಿಗಳಿಗೆ. ಹಿಂದಿನಿಂದ ಮಾರಾಟದಲ್ಲಿದ್ದ ಮಾದರಿಗಳಿಗೆ ಇನ್ನೂ 2 ವರ್ಷ ಕಾಲಾವಕಾಶ ದೊರೆಯಿತು. ಎಬಿಎಸ್ ಬ್ರೇಕ್ ಎಲ್ಲ ಹೊಸ ಕಾರುಗಳಿಗೂ ಬಂದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಲ್ಲಿ. ದೆಹಲಿ ಹೊರದಬ್ಬಿದ ಕಾರುಗಳು ಬಹುತೇಕ ಇದಕ್ಕಿಂತ ಹಿಂದಿನವು. ಅವುಗಳ ಕಡಿಮೆ ಬೆಲೆಯ ಆವೃತ್ತಿಗಳಲ್ಲಿ ಏರ್‌ಬ್ಯಾಗ್ ಎಷ್ಟೋ ಬಾರಿ ಇರಲೇ ಇಲ್ಲ. ವಿಪರ್ಯಾಸವೆಂದರೆ, ವಿದೇಶದ 3 ವರ್ಷದ ಕಾರಿಗೆ ಎರಡು ತಪಾಸಣೆ. ದೆಹಲಿಯ 10 ವರ್ಷದ ಕಾರಿಗೆ ಅಂತಹ ಯಾವ ಪರೀಕ್ಷೆಯೂ ಇಲ್ಲ. ಎನ್‌ಒಸಿ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಆರ್‌ಟಿಒದಲ್ಲಿ ಚಾಸಿ ಸಂಖ್ಯೆ ತಾಳೆಯಾದರೆ ನೋಂದಣಿ ಮುಗಿಯಿತು. ಆ ಪರಿಶೀಲನೆ ಮುಖ್ಯವಾಗಿ ಕಾರಿನ ಗುರುತಿನದು, ಗಟ್ಟಿತನದ್ದಲ್ಲ.

ಆದ್ದರಿಂದ ಪರೀಕ್ಷೆಯ ಹೊಣೆ ವರ್ತಕನ ಮೇಲೆಯೇ ಬೀಳುತ್ತದೆ. ಮೀಟರ್ ತಿರುಗಿಸಿದ್ದನ್ನು ಪತ್ತೆಹಚ್ಚಲು ಕಂಪನಿಯ ಸರ್ವಿಸ್ ದಾಖಲೆ ನೋಡಬಹುದು. ಅಪಘಾತದಲ್ಲಿ ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್‌ನ ವಿಷಯ ಅಷ್ಟು ಸುಲಭವಲ್ಲ. ಹೊಸದನ್ನು ಹಾಕಿಸುವುದು ದುಬಾರಿ. ಹಾಗಾಗಿ ಅದರ ಜಾಗದಲ್ಲಿ ಒಂದು ಸಣ್ಣ ರೆಸಿಸ್ಟರ್ ಜೋಡಿಸಿ, ಮುಚ್ಚಳ ಕೂರಿಸಿ, ಎಲ್ಲವೂ ಸರಿಯಿದೆ ಎಂದು ಗಣಕವನ್ನು ನಂಬಿಸುವ ಕೈಚಳಕ ನಡೆಯುತ್ತದೆ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಹೊತ್ತದೇ ಇದ್ದರೆ ದೀಪವನ್ನೇ ಕಿತ್ತಿರುವ ಸಂಶಯವಿದೆ. ಹೊತ್ತಿ ಆರಿದರೂ ರೆಸಿಸ್ಟರ್ ಇರುವ ಸಾಧ್ಯತೆ ಉಳಿಯುವುದರಿಂದ, ನುರಿತ ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಪರೀಕ್ಷೆ ಮಾಡಿಸಿ, ಸೀಟ್‌ಬೆಲ್ಟ್ ಮತ್ತು ಡ್ಯಾಶ್‌ಬೋರ್ಡ್‌ಗಳನ್ನೂ ನೋಡಿಸುವುದು ಅಗತ್ಯ. ನೆರೆಯಲ್ಲಿ ಮುಳುಗಿದ ಕಾರಿನ ಕಥೆಯೂ ಹೀಗೆಯೇ. 2015ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಅಸಂಖ್ಯ ಕಾರುಗಳು ನೀರಿನಲ್ಲಿ ನಿಂತವು. ತೊಳೆದು, ಸೀಟಿನ ಹೊದಿಕೆ ಬದಲಿಸಿದರೆ ಅಂತಹ ಕಾರು ಹೊಳೆಯುತ್ತದೆ. ಸೀಟಿನ ಹಳಿಯ ತುಕ್ಕು, ಕಾರ್ಪೆಟ್‌ನಡಿಯ ಕೆಸರು ಮಾತ್ರ ಸತ್ಯ ಹೇಳುತ್ತವೆ. ವಯರಿಂಗ್‌ಗೆ ತಗಲಿದ ತೇವದ ಪರಿಣಾಮ ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ. ಟಯರ್ ವಿಷಯದಲ್ಲಿ ಅದರ ಪಕ್ಕದ 4 ಅಂಕೆಗಳನ್ನು ಓದಿದರೆ ಸಾಕು: 2316 ಎಂದರೆ 2016ರ 23ನೇ ವಾರ.

ವರ್ತಕನ ಲಾಭದ ಮೇಲೆ 2025ರ ಜನವರಿಯಿಂದ ಶೇಕಡ 18ರ ಜಿಎಸ್‌ಟಿ ಬಿದ್ದಿರುವಾಗ ಈ ತಪಾಸಣೆಯ ಖರ್ಚು ಹೊರೆಯೆನಿಸುವುದು ಸಹಜ. ಆದರೆ ಹೊಣೆಗಾರಿಕೆಯ ಬಾಬತ್ತು ಅದಕ್ಕಿಂತ ದೊಡ್ಡದು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿದ ತೀರ್ಪಿನಂತೆ, ವಾಹನ ಎಷ್ಟು ಕೈ ಬದಲಿಸಿದ್ದರೂ ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಅಪಘಾತ ಪರಿಹಾರಕ್ಕೆ ಹೊಣೆ. ಕಂಪನಿಯ ಹಳೆಯ ಕಾರನ್ನು ಮಾರಿ, ಖಾಲಿ ನಮೂನೆಗಳಿಗೆ ಸಹಿ ಹಾಕಿಕೊಟ್ಟು ಮರೆಯುವ ಉದ್ದಿಮೆದಾರರು ಇದನ್ನು ಓದಿಕೊಳ್ಳುವುದು ಒಳ್ಳೆಯದು. ಅತ್ತ ವರ್ತಕನ ಮೇಲೆ, 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯು ಮಾರಾಟಗಾರನ ಹೊಣೆಯನ್ನು ಬರೆದಿಟ್ಟಿದೆ. ತಪಾಸಣೆ ಮತ್ತು ನಿರ್ವಹಣೆಯಲ್ಲಿ ತಕ್ಕ ಎಚ್ಚರ ವಹಿಸದಿರುವುದೂ ಅದರಲ್ಲಿ ಸೇರಿದೆ.

ಈ ಎರಡೂ ತುದಿಗಳನ್ನು ಜೋಡಿಸುವ ವ್ಯವಸ್ಥೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿಯಲ್ಲಿದೆ. 2023ರ ಏಪ್ರಿಲ್ 1ರಿಂದ ಬಳಸಿದ ವಾಹನಗಳ ವರ್ತಕರು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬಹುದಾಗಿದ್ದು, ಅದು 5 ವರ್ಷ ಊರ್ಜಿತ. ಅರ್ಜಿ 29ಎ ನಮೂನೆಯಲ್ಲಿ. ಮಾಲೀಕನು 29ಸಿ ನಮೂನೆಯಲ್ಲಿ ಕಾರು ಒಪ್ಪಿಸಿದ್ದನ್ನು ತಿಳಿಸಿದ ಮೇಲೆ ಕಾರಿನ ಮತ್ತು ಅದರಿಂದಾಗುವ ಘಟನೆಗಳ ಹೊಣೆ ವರ್ತಕನದು. ಕಾರನ್ನು ಪರೀಕ್ಷಾರ್ಥ ಓಡಿಸುವುದು, ಗ್ಯಾರೇಜ್‌ಗೆ ಕೊಂಡೊಯ್ಯುವುದು ಮುಂತಾದ ಕೆಲಸಗಳಿಗೆ ಮಾತ್ರ ಹೊರತೆಗೆಯಬೇಕು, ಪ್ರತಿ ಓಡಾಟವನ್ನೂ ವಿದ್ಯುನ್ಮಾನ ವಹಿಯಲ್ಲಿ ದಾಖಲಿಸಬೇಕು. ಪಶ್ಚಿಮ ಬೆಂಗಳೂರಿನ ವರ್ತಕರು ತಮ್ಮ ಮಳಿಗೆ ರಾಜಾಜಿನಗರ (ಕೆಎ 02) ಆರ್‌ಟಿಒ ವ್ಯಾಪ್ತಿಯಲ್ಲಿದೆಯೋ ಜ್ಞಾನಭಾರತಿ (ಕೆಎ 41) ವ್ಯಾಪ್ತಿಯಲ್ಲಿದೆಯೋ ಎಂಬುದನ್ನು ಅರ್ಜಿಗೆ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.